ತಲೆ ಬಗ್ಗಿಸಿದ ಹೂವೂ ಅಮ್ಮನ ಎಮ್ಮೆಯೂ

ಅಥವಾ ಅದು ಮದ್ದೂರಿನ ಮನೆಯೇ ಇರಬಹುದು. ಇಲ್ಲ, ಮದ್ದೂರಿನ ಮನೆಗೆ ಹಿತ್ತಿಲಿರಲಿಲ್ಲ. ಹಿತ್ತಿಲಿಲ್ಲದ ಮೇಲೆ ನೆರಳಿಲ್ಲ, ನೆರಳಿಲ್ಲದ ಮೇಲೆ ಈ ಜಗಳವೇ ಹುಟ್ಟುತ್ತಿರಲಿಲ್ಲ. ಆದ್ದರಿಂದ ಮಳವಳ್ಳಿ ಎಂದೇ ಇಟ್ಟುಕೊಳ್ಳೋಣ. ಹೀಗೆ ತರ್ಕ ಮಾಡಿ ನೆನಪಿಸಿಕೊಂಡದ್ದನ್ನು ನೆನಪು ಎನ್ನಬಹುದೋ ಇಲ್ಲವೋ ತಿಳಿಯದು. ನನ್ನ ನೆನಪುಗಳು ಮಡಿಸಿಟ್ಟ ಪಂಚೆಯ ಹಾಗೆ ಅಚ್ಚುಕಟ್ಟಾಗಿ ಸಿಕ್ಕಿದಾಗಲೆಲ್ಲ ನನಗೆ ಅನುಮಾನವಾಗುತ್ತದೆ. ಯಾರೋ ಆಮೇಲೆ ಬಂದು ಮಡಿಸಿಟ್ಟಿದ್ದಾರೆ, ಬಹುಶಃ ನಾನೇ. ಹೂವಿನ ಬಣ್ಣದ ವಿಷಯವನ್ನೇ ನೋಡಿ. ಹೊರಗಿನ ಎಸಳು ಕೆಂಪು, ಒಳಗೆ ಲಂಗದಂತೆ ಇಳಿಬಿದ್ದ ಎಸಳು ನೇರಳೆ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಒಳಗೆ ಬಿಳಿ ಎಂದು ನನ್ನ ಹೆಂಡತಿ ಪದ್ಮ ಆಣೆಯಿಲ್ಲದೆಯೇ ಹೇಳುತ್ತಾಳೆ. ಆಣೆ ಮಾಡದವರ ಮಾತೇ ಹೆಚ್ಚು ನಿಜವಿರುತ್ತದೆ ಎಂಬ ಭಯದಿಂದ ನಾನು ಆ ಚರ್ಚೆಯನ್ನು ಬೆಳೆಸುವುದಿಲ್ಲ.

ಆಗ ಮಂಡ್ಯದ ಸುತ್ತ ನಾಲೆಯ ನೀರು ಹೊಸದಾಗಿ ಬಂದಿತ್ತು. ಕಬ್ಬಿನ ಮಾತು ಬಿಟ್ಟರೆ ಜನರ ಬಾಯಲ್ಲಿ ಬೇರೆ ಮಾತಿರಲಿಲ್ಲ. ನಾಲೆ ಕೆಲಸದ ಮೇಲಿದ್ದ ಇಂಗ್ಲಿಷ್ ಇಂಜಿನಿಯರೊಬ್ಬರಿಗೆ ವರ್ಗವಾಗಿ, ಅವರ ಬಂಗಲೆಯ ಸಾಮಾನು ಒಬ್ಬೊಬ್ಬರ ಪಾಲಾಯಿತು. ಕಚೇರಿಯ ಕೆಲಸಕ್ಕೆಂದು ಮಂಡ್ಯಕ್ಕೆ ಹೋಗಿದ್ದ ನಾನೂ ಅಲ್ಲಿ ನಿಂತಿದ್ದೆ. ನನ್ನ ಜೊತೆಯ ಗುಮಾಸ್ತರು ಕುರ್ಚಿ, ಗಡಿಯಾರ, ಅಂಚು ಒಡೆದ ಪಿಂಗಾಣಿ ಎಂದು ಬುದ್ಧಿವಂತಿಕೆಯ ವಸ್ತುಗಳನ್ನು ಹೊತ್ತುಕೊಂಡು ಹೋದರು. ನನಗೆ ಸಿಕ್ಕಿದ್ದು ಒಂದು ಕುಂಡ. ಅದರಲ್ಲಿ ಮೊಣಕಾಲುದ್ದದ ಒಂದು ಗಿಡ. ಹೆಸರು ಫ್ಯೂಷಿಯಾ ಎಂದು ಇಂಜಿನಿಯರ ಹೆಂಡತಿ ದೊರೆಸಾನಿ ಎರಡು ಸಲ ಹೇಳಿದರು. ನೆರಳಿನಲ್ಲೇ ಇಡಬೇಕು, ಇದು ಗಟ್ಟಿ ಜಾತಿ, ಹಿಮ ಬಿದ್ದರೂ ಸಾಯುವುದಿಲ್ಲ ಎಂದೂ ಹೇಳಿದರು. ಹಿಮಕ್ಕೇ ಸಾಯದ್ದು ಮಳವಳ್ಳಿಯಲ್ಲಿ ಸತ್ತೀತೇ ಎಂದು ನಾನು ಹಿಗ್ಗಿದೆ. ಮಳವಳ್ಳಿಯಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ತನ್ನ ಗಟ್ಟಿತನ ತೋರಿಸಲು ಪಾಪ ಆ ಗಿಡಕ್ಕೆ ಅವಕಾಶವೇ ಸಿಗುವುದಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಕಡು ಚಳಿಯನ್ನು ಗೆದ್ದವನು ಕಡು ಬಿಸಿಲನ್ನೂ ಗೆಲ್ಲುತ್ತಾನೆ ಎಂದುಕೊಳ್ಳುವುದು, ಗಣಿತದಲ್ಲಿ ಮೊದಲಿಗನಾದವನು ಮದುವೆಯ ಅಡಿಗೆಯನ್ನೂ ಮಾಡುತ್ತಾನೆ ಎಂದುಕೊಂಡ ಹಾಗೆ.

ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಮದ್ದೂರಿನವರೆಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿದೆ. ಮಳವಳ್ಳಿ ಬಸ್ಸಿನ ಏಜೆಂಟು ಒಳಗೆ ಇಣುಕಿ, "ಸ್ವಾಮಿ, ಕೂಸಿಗೆ ಹೆಸರಿಟ್ಟಾಯ್ತಾ?" ಎಂದ. ಬಸ್ಸೆಲ್ಲ ನಕ್ಕಿತು. ಹೆಸರು ಹೇಳಲು ಹೋಗಿ ಇನ್ನೊಂದು ನಗೆಗೆ ಕಾರಣನಾದೆ.

ನಮ್ಮ ಹಿತ್ತಿಲಲ್ಲಿ ಬಾವಿಯ ಪಕ್ಕಕ್ಕೆ ಒಂದು ಮೂಲೆಯಿತ್ತು. ಪಕ್ಕದ ಮನೆಯ ಹುಣಿಸೆಮರ ಗೋಡೆಯಾಚೆಯಿಂದ ಅದರ ಮೇಲೆ ಬಗ್ಗಿ ನಿಂತಿತ್ತು. ಮರ ಅವರದು, ನೆರಳು ನಮ್ಮದು. ಇಡೀ ಹಿತ್ತಿಲಿಗೆ ನೆರಳೆಂದರೆ ಅಷ್ಟೇ. ಅಲ್ಲಿ ಕುಂಡ ಇಳಿಸಿ, ಗಿಡವನ್ನು ಮಣ್ಣಿಗೆ ಹಾಕಲು ಗುದ್ದಲಿ ಎತ್ತಿದಾಗ ಅಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಲ್ಲಿ ಎಮ್ಮೆ ಕಟ್ಟಬೇಕು" ಎಂದಳು.

ನಮಗೆ ಎಮ್ಮೆ ಇರಲಿಲ್ಲ. ಆದರೆ ಅಮ್ಮನ ಮನಸ್ಸಿನಲ್ಲಿ ಅದು ಬಹಳ ವರ್ಷಗಳಿಂದ ಮೇಯುತ್ತಿತ್ತು. ಅಪ್ಪನಿದ್ದಾಗ ಊರಿಂದೂರಿಗೆ ವರ್ಗ. ಎಮ್ಮೆಯನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವುದಾಗಲಿಲ್ಲ. ಈಗ ಮಗನ ಕಾಲದಲ್ಲಾದರೂ, ಬಟ್ಟಲು ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರನ್ನು ಸ್ವಂತ ಕೈಯಿಂದ ಹೆಪ್ಪು ಹಾಕಬೇಕೆಂಬುದು ಅವಳ ಆಸೆ. ಆ ಆಸೆಗೆ ದಿನಾ ನೀರೆರೆಯುತ್ತಿದ್ದವಳು ಹಾಲಿನ ಕೆಂಪಮ್ಮ. ಕಿರುಗಾವಲು ಕಡೆಯವಳು, ಮಗಳನ್ನು ಮಳವಳ್ಳಿಗೆ ಕೊಟ್ಟು ತಾನೂ ಅಲ್ಲೇ ನಿಂತಿದ್ದಳು. ಅವಳ ಹಟ್ಟಿಯಲ್ಲಿ ಕೊಡುವುದಕ್ಕೆ ಒಂದು ಎಮ್ಮೆ ಸಿದ್ಧವಾಗಿತ್ತು.

ಮಾರನೆಯ ಬೆಳಿಗ್ಗೆ ಕೆಂಪಮ್ಮ ಗಿಡವನ್ನು ಕಂಡಳು. ಅದರ ಕುಡಿಯಲ್ಲಿ ಹಳೆಯ ಹೂವೊಂದು ಒಣಗಿ ನೇತಾಡುತ್ತಿತ್ತು.

"ಏನ್ ಬುದ್ಯೋರೇ, ಈ ಊವ ಯಾಕಿಂಗೆ ತಲೆ ಬಗ್ಗುಸ್ಕಂಡದೆ? ಏನಾರ ತೆಪ್ಪು ಮಾಡ್ಬುಟ್ಟದಾ?"

"ಅದರ ಜಾತಿಯೇ ಹಾಗೆ. ಹೂವು ಕೆಳಗೆ ನೋಡುತ್ತದೆ."

"ನಮ್ಮೆಮ್ಮೆನೂ ಇಂಗೇ ತಲೆ ಬಗ್ಗುಸ್ಕಂಡೇ ಇರ್ತದೆ. ಆದ್ರೆ ಆಲು ಕೊಡ್ತದೆ" ಎಂದು, ಅಮ್ಮನ ಕಡೆ ತಿರುಗಿ, "ನೆಳ್ಳು ಅನ್ನೋದ ದೇವ್ರು ಎಮ್ಮೆಗೇ ಮಾಡಿರೋದು ಕಣಮ್ಮ. ಗಿಡ ಬಿಸ್ಲಲ್ಲಿ ಬದೀಕತದೆ, ಬುಡಿ" ಎಂದಳು.

ಕಡೆಗೆ ಅಮ್ಮ ಒಂದು ತೀರ್ಪು ಕೊಟ್ಟಳು. ಗೌರಿಹಬ್ಬದ ಹೊತ್ತಿಗೆ ಗಿಡ ಹೂ ಬಿಡಬೇಕು. ಆ ಹೂ ದೇವರಿಗೆ ಏರಬೇಕು. ಹಾಗಾದರೆ ಮೂಲೆ ನನ್ನದು. ಇಲ್ಲವಾದರೆ ಎಮ್ಮೆಯದು. ಹೂ ಬಿಟ್ಟರೆ ಸಾಕಿತ್ತು, ಏರಬೇಕು ಎಂದು ಏಕೆ ಸೇರಿಸಿದಳು ಎಂದು ನಾನು ಯೋಚಿಸಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಆ ಗಿಡಕ್ಕೆ ಮಾಡಿದ ಸೇವೆಯನ್ನು ಕಚೇರಿಗೆ ಮಾಡಿದ್ದರೆ ಬಡ್ತಿ ಸಿಗುತ್ತಿತ್ತು. ಒದ್ದೆ ಗೋಣಿಚೀಲವನ್ನು ಕೋಲಿಗೆ ಕಟ್ಟಿ ಮರೆ ಮಾಡಿದೆ. ಬಾವಿಯ ನೀರನ್ನು ರಾತ್ರಿಯೆಲ್ಲ ಮಡಕೆಯಲ್ಲಿಟ್ಟು ತಣ್ಣಗೆ ಮಾಡಿ ಹನಿಸಿದೆ. ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆನೆಂದು ಪದ್ಮ ಹೇಳುತ್ತಾಳೆ. ಅದು ಸುಳ್ಳು, ಅಥವಾ ಒಂದು ಸಲ ಮಾತ್ರ. ಮಳೆಗಾಲ ಹಿಡಿದು ಗಾಳಿ ತಂಪಾದಾಗ ಗಿಡ ಚಿಗುರಿತು. ಹಬ್ಬದ ಹಿಂದಿನ ದಿನ ಒಂದು ಮೊಗ್ಗು ಒಡೆದು, ಕಿವಿಯ ಜುಮುಕಿಯಂತೆ ತೂಗಿತು.

ಪೂಜೆಗೆ ಬಂದ ಜೋಯಿಸರ ಮುಂದೆ ನಾನು ಹೂವನ್ನು ಎಲೆಯಲ್ಲಿಟ್ಟು ತಂದೆ. ಅಮ್ಮ ಕಾದಿದ್ದವಳಂತೆ, "ಜೋಯಿಸರೇ, ಹೂವನ್ನು ಬೋರಲು ಏರಿಸಬಹುದೇ?" ಎಂದಳು.

"ಛೆ ಛೆ, ಕೂಡದು."

"ಹಾಗಾದರೆ ಅಂಗಾತ ಇಡಿ" ಎಂದೆ ನಾನು.

"ಗಿಡದಲ್ಲಿ ಹೇಗೆ ಹುಟ್ಟುತ್ತದೋ ಹಾಗೇ ಏರಿಸಬೇಕು ಅಂತಲೂ ಉಂಟಲ್ಲ" ಎಂದು ಜೋಯಿಸರು ಹೂವನ್ನು ತಿರುಗಿಸಿ ನೋಡಿದರು. "ಇದು ಹುಟ್ಟಿರುವುದೇ ಬೋರಲು. ಅಂಗಾತ ಇಟ್ಟರೆ ಅದೂ ತಪ್ಪು, ಬೋರಲು ಇಟ್ಟರೆ ಇದೂ ತಪ್ಪು. ಏನಯ್ಯಾ, ಎಲ್ಲಿ ಸಿಕ್ಕಿತು ನಿನಗೆ ಈ ಗ್ರಹಚಾರ?"

ಅಮ್ಮನ ಮುಖ ಮೊಸರು ಹೆಪ್ಪಾದಂತೆ ನೆಮ್ಮದಿಯಾಯಿತು. ಅವಳು ಎಲ್ಲವನ್ನೂ ಮೊದಲೇ ಬಲ್ಲಳು. ಹೂ ಏರಬೇಕು ಎಂದು ಸೇರಿಸಿದ್ದು ಇದಕ್ಕೇ. ನಾನು ಮೂಲೆಯನ್ನು ಕಳೆದುಕೊಂಡೆನೆಂದು ಎಲೆಯನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ, ಬಾಳೆನಾರು ಸೀಳುತ್ತ ಕೂತಿದ್ದ ಪದ್ಮ ತಲೆಯೆತ್ತದೆ, "ಗೌರಿಗೆ ಓಲೆ ಮಾಡಿದರೆ ಆಗದೇ? ಬಂಗಾರದ ಜುಮುಕಿ ನೇತಾಡುವುದೂ ಬೋರಲೇ ಅಲ್ಲವೇ?" ಎಂದಳು.

ಜೋಯಿಸರು ಮೂರನೆಯ ಮನೆಯ ಪೂಜೆಗೆ ಹೋಗಬೇಕಿತ್ತು. "ಒಡವೆಗೆ ಈ ನಿಯಮವಿಲ್ಲ, ಕಟ್ಟಮ್ಮ" ಎಂದುಬಿಟ್ಟರು. ಪದ್ಮ ಎದ್ದು, ಮಣ್ಣಿನ ಗೌರಿಯ ಬಲಗಿವಿಗೆ ನಾರಿನಿಂದ ಹೂವನ್ನು ಕಟ್ಟಿದಳು.

ನಮ್ಮ ಕಡೆ ದೇವರನ್ನು ಹೂ ಕೇಳುವುದುಂಟು. ಮನಸ್ಸಿನಲ್ಲಿ ಒಂದು ಬೇಡಿಕೆ ಇಟ್ಟುಕೊಂಡು ಕೈಮುಗಿದು ನಿಂತಾಗ ದೇವರ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಎಂದು ಅರ್ಥ, ಎಡಗಡೆಯಿಂದ ಬಿದ್ದರೆ ಬೇಡ ಎಂದು. ಮಂಗಳಾರತಿಯ ಹೊತ್ತಿಗೆ ನಾನು, ಮೂಲೆ ಗಿಡಕ್ಕೇ ಉಳಿಯಲಿ ತಾಯಿ ಎಂದೆ. ಪಕ್ಕದಲ್ಲಿ ಅಮ್ಮನ ತುಟಿ ಅಲ್ಲಾಡುತ್ತಿತ್ತು. ಆರತಿಯ ತಟ್ಟೆ ಪದ್ಮನ ಕೈಯಲ್ಲಿತ್ತು. ಅವಳ ತುಟಿಯೂ ಅಲ್ಲಾಡಿತೆಂದು ತೋರುತ್ತದೆ. ಹೂ ಜಾರಿ, ಬಲಗಡೆ, ತಟ್ಟೆಯ ಪಕ್ಕದಲ್ಲೇ ಬಿತ್ತು.

"ಕೊಟ್ಟಳು!" ಎಂದೆ ನಾನು. "ಕೊಟ್ಟಳು!" ಎಂದಳು ಅಮ್ಮ. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಕರುಣೆಯಿಂದ ನೋಡಿದೆವು. ಆಮೇಲೆ ವಿಚಾರಿಸಿದರೆ ಅಮ್ಮ ಕೇಳಿದ್ದು ಎಮ್ಮೆಯನ್ನು.

ಒಂದೇ ಹೂವಿನಿಂದ ಇಬ್ಬರಿಗೂ ಅಪ್ಪಣೆಯಾದ್ದರಿಂದ ಮೂಲೆಯನ್ನು ಹಂಚಿಕೊಂಡೆವು. ಗೋಡೆಯ ಬದಿಗೆ ಗಿಡ, ಬಾವಿಯ ಬದಿಗೆ ಎಮ್ಮೆ. ಕೆಂಪಮ್ಮನೇ ಹಗ್ಗ ಹಿಡಿದು ತಂದು ಕಟ್ಟಿದಳು. ನನ್ನ ಗಿಡವನ್ನು ಎಮ್ಮೆ ತಿನ್ನಲಿಲ್ಲ. ತಿಂದಿದ್ದರೆ ಅದೊಂದು ಬಗೆಯ ಮೆಚ್ಚುಗೆ ಎನ್ನಬಹುದಿತ್ತು. ಅದರ ಮೇಲೆ ಮಲಗಿತು. "ತಂಪು ನೋಡ್ಕಂಡು ಮನೀಕತದೆ ಕಣ್ ಬುದ್ಯೋರೇ, ಅದುಕ್ಕೇನ್ ಗೊತ್ತದು" ಎಂದು ಕೆಂಪಮ್ಮ ಸಮಾಧಾನ ಹೇಳಿದಳು. ಗಿಡ ಬುಡದಿಂದ ಮತ್ತೆ ಚಿಗುರಿತು. ಗಟ್ಟಿ ಜಾತಿ ಎಂದಿದ್ದು ಸುಳ್ಳಲ್ಲ. ಎಮ್ಮೆ ಮತ್ತೆ ಮಲಗಿತು. ಅದೂ ಗಟ್ಟಿ ಜಾತಿಯೇ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಚಿಗುರಲಿಲ್ಲ. ಆ ಬೇಸಗೆಯಲ್ಲಿ ನಾನು ದುಃಖದಿಂದ ಉಂಡ ಮೊಸರಿನಷ್ಟು ಗಟ್ಟಿ ಮೊಸರನ್ನು ಮತ್ತೆಲ್ಲೂ ಉಂಡಿಲ್ಲ.

ಬಲಗಿವಿಗೆ ಕಟ್ಟಿದ ಹೂ ಬಿದ್ದರೆ ಬಲಕ್ಕಲ್ಲದೆ ಎಲ್ಲಿಗೆ ಬಿದ್ದೀತು ಎಂಬುದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಅದಾದ ಮೇಲೆ ಇನ್ನೊಂದು ತಿಳಿಯಿತು: ಪದ್ಮ ಕಟ್ಟಿದ ಮಲ್ಲಿಗೆ ದಂಡೆಯನ್ನು ಎಳೆದಾಡಿದರೂ ಗಂಟು ಸಡಿಲುವುದಿಲ್ಲ. ಒಂದು ದಿನ ಅವಳು ಹೂ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತು, "ಆವತ್ತು ಗಂಟು ಸರಿಯಾಗಿ ಹಾಕಿದ್ದೆಯಾ?" ಎಂದು ಕೇಳಿದೆ.

"ಆ ಹೂವಿನ ಒಳಗೆ ಬಿಳಿ ಇತ್ತು" ಎಂದಳು.

"ಅದಿರಲಿ. ನೀನೂ ಏನೋ ಕೇಳಿಕೊಂಡೆಯಲ್ಲ, ಏನದು?"

"ಕೇಳಿಕೊಂಡದ್ದನ್ನು ಹೇಳಬಾರದು" ಎಂದು ನಾರನ್ನು ಹಲ್ಲಿನಲ್ಲಿ ಕಡಿದು, ಇನ್ನೊಂದು ಗಂಟು ಹಾಕಿದಳು.

ಅವಳು ಕೇಳಿದ್ದು ಎಮ್ಮೆಯನ್ನೋ, ಗಿಡವನ್ನೋ, ಇವೆರಡಕ್ಕೂ ಸಂಬಂಧವಿಲ್ಲದ ಮತ್ತೇನನ್ನೋ, ನನಗೆ ಗೊತ್ತಿಲ್ಲ. ಹೂ ಬಿದ್ದದ್ದಂತೂ ಬಲಕ್ಕೆ. ಅವಳಿಗೆ ಅದು ಸಿಕ್ಕಿತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.