ವೆಂಡೆಲ್ ಕಂಡುಹಿಡಿದ ನಿರ್ಜನ ಜಾಗ

"ಈ ಸಲ ನಿನ್ನನ್ನ ಎಂಥಾ ಜಾಗಕ್ಕೆ ಕರ್ಕೊಂಡು ಹೋಗ್ತೀನಿ ಅಂದ್ರೆ, ಅಲ್ಲಿಗೆ ಹಕ್ಕೀನೂ ದಾರಿ ಕೇಳ್ಕೊಂಡೇ ಬರ್ಬೇಕು!"

ವೆಂಡೆಲ್ ಹಾಲ್ವರ್ಸನ್ ಹೀಗೆಂದು ಅಡುಗೆಮನೆಯ ನಟ್ಟನಡುವೆ ನಿಂತು ಘೋಷಿಸಿದ. ಕೈಯಲ್ಲಿದ್ದದ್ದು ಪ್ಯಾನ್‌ಕೇಕ್ ಮಗುಚುವ ಸಟ್ಟುಗ. ಎತ್ತಿ ಹಿಡಿದ ಠೀವಿ ಮಾತ್ರ ದಂಡಯಾತ್ರೆಗೆ ಹೊರಟ ರಾಜನದು!

ಹೆಂಡತಿ ಮಾರ್ಲಿಸ್ ಕಾಫಿ ಲೋಟದಿಂದ ತಲೆ ಎತ್ತಲಿಲ್ಲ. "ಹಕ್ಕಿ ಬಂದ್ರೆ ಬರ್ಲಿ. ಮನುಷ್ಯರು ಬರಬಾರ್ದು, ಅಷ್ಟೇ."

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಇಪ್ಪತ್ತೈದು ವರ್ಷದಿಂದ ಮಾರ್ಲಿಸ್ ತಮ್ಮೂರಿನ ಹಳದಿ ಶಾಲಾಬಸ್ಸು ಓಡಿಸುತ್ತಿದ್ದಳು. ಬೆನ್ನ ಹಿಂದೆ ನಲವತ್ತೆಂಟು ಮಕ್ಕಳು. ಒಂದು ಹಾಡುತ್ತದೆ, ಒಂದು ಅಳುತ್ತದೆ, ಒಂದು ಮುಂದಿನವಳ ಜಡೆ ಎಳೆಯುತ್ತದೆ, ಇನ್ನೊಂದು ತಿಂದದ್ದನ್ನೆಲ್ಲ ಕಕ್ಕಿ "ಮಿಸೆಸ್ ಹಾಲ್ವರ್ಸನ್!" ಎಂದು ಕೂಗುತ್ತದೆ. ಜೂನ್‌ನಲ್ಲಿ ಶಾಲೆ ಮುಚ್ಚಿದರೂ ಅವಳ ಕಿವಿಯೊಳಗೆ ಶಾಲೆ ಮುಚ್ಚುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಈ ಜುಲೈಯಲ್ಲಿ ಏನು ಬೇಕೆಂದು ವೆಂಡೆಲ್ ಕೇಳಿದಾಗ ಅವಳು ಉಂಗುರ ಕೇಳಲಿಲ್ಲ, ಹಡಗಿನ ಪ್ರವಾಸ ಕೇಳಲಿಲ್ಲ.

"ಮೂರು ದಿನ. ಮೂರು ದಿನ ನನ್ನ ಕಿವಿಗೆ ಯಾರ ಧ್ವನಿಯೂ ಬೀಳಬಾರ್ದು. ಬೇರೆ ಏನೂ ಬೇಡ. ಇದೊಂದು ಆಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಏನೂ ಕೇಳಲ್ಲ ಬಿಡು."

ಹೆಂಡತಿ ಜಗಳವಾಡಿದರೆ ಹೆದರಬೇಕಾಗಿಲ್ಲ. ಇನ್ನು ಏನೂ ಕೇಳುವುದಿಲ್ಲ ಎಂದರೆ ಮಾತ್ರ ಹೆದರಬೇಕು. ಅಷ್ಟು ತಿಳಿಯದಷ್ಟು ಪೆದ್ದನೇನಲ್ಲ ವೆಂಡೆಲ್.

ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ರಜೆಗೆ ಐಡಹೋ ರಾಜ್ಯದ ಕ್ಯಾಂಪಿಂಗ್ ಮೈದಾನಗಳೆಲ್ಲ ಜನವರಿಯಲ್ಲೇ ಭರ್ತಿಯಾಗಿರುತ್ತವೆ. ಭರ್ತಿಯಾಗದಿದ್ದರೂ ಏನು ಸುಖ? ನಂಬರು ಹಾಕಿದ ಕಂಬ, ನಂಬರು ಹಾಕಿದ ಮೇಜು, ಪಕ್ಕದ ಡೇರೆಯವನ ಗೊರಕೆ ನಮ್ಮ ದಿಂಬಿಗೇ ಬರುತ್ತದೆ! ಆದ್ದರಿಂದ ವೆಂಡೆಲ್ ದಟ್ಟ ಕಾಡಿನ ಹಾದಿ ಹಿಡಿದ. ಸರ್ಕಾರಿ ಕಾಡಿನಲ್ಲಿ ಯಾರು ಎಲ್ಲಿ ಬೇಕಾದರೂ ಡೇರೆ ಹಾಕಬಹುದು. ಮೇಜಿಲ್ಲ, ನಲ್ಲಿಯಿಲ್ಲ, ಶೌಚಾಲಯವಿಲ್ಲ. ಕುಡಿಯುವ ನೀರು ಹಳ್ಳದಿಂದ ಸೋಸಿಕೊಳ್ಳಬೇಕು, ಉಳಿದದ್ದಕ್ಕೆ ಸಲಿಕೆ ಒಯ್ಯಬೇಕು. ಐದು ಭಾನುವಾರ ಪಿಕಪ್ ಗಾಡಿಯ ಎಲುಬು ಮುರಿಯುವಂತೆ ಅಲೆದು, ಕೊನೆಗೂ ಅವನು ಒಂದು ಜಾಗ ಹುಡುಕಿದ. ಕಾಡಿನ ಮಣ್ಣುರಸ್ತೆಯಲ್ಲಿ ಹನ್ನೊಂದು ಮೈಲಿ. ಸುಟ್ಟ ಮರದ ಮೋಟು ಸಿಕ್ಕ ಕೂಡಲೇ ಎಡಕ್ಕೆ, ಹಳೆಯ ಮರಸಾಗಣೆ ದಾರಿ. ಆಮೇಲೆ ಹಳ್ಳ ದಾಟಬೇಕು. ದಾಟಿದರೆ ಲಾರ್ಚ್ ಮರಗಳ ನಡುವೆ ಅಂಗೈಯಷ್ಟು ಸಮನಾದ ಹುಲ್ಲುನೆಲ. ಮನುಷ್ಯರ ಸುಳಿವಿಲ್ಲ! ಒಂದು ಖಾಲಿ ಬಿಯರ್ ಡಬ್ಬಿಯೂ ಇಲ್ಲ!

"ಯಾರಿಗೂ ಹೇಳ್ಬೇಡ," ಎಂದಳು ಮಾರ್ಲಿಸ್.

"ನಾನಾ? ನನ್ನ ಬಾಯಿಗೆ ಬೀಗ!"

ಬೀಗವೇನೋ ಸರಿ, ಅದನ್ನು ಹಾಕಬೇಕಾದ ಬಾಯಿ ಎಂಥದು ಎಂಬುದೇ ಪ್ರಶ್ನೆ. ವೆಂಡೆಲ್ ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಡಬ್ಬಿಯನ್ನು ಯಂತ್ರಕ್ಕೆ ಸಿಕ್ಕಿಸಿದರೆ ಅದು ಮೂರು ನಿಮಿಷ ಗಡಗಡ ಅಲುಗುತ್ತದೆ. ಆ ಮೂರು ನಿಮಿಷ ಗಿರಾಕಿಯ ಎದುರು ಸುಮ್ಮನೆ ನಿಲ್ಲುವುದು ವೆಂಡೆಲ್‌ನ ಜಾತಕದಲ್ಲೇ ಇಲ್ಲ. ಬಣ್ಣ ಬೆರೆತು, ಒಣಗಿ, ಗೋಡೆಯ ಮೇಲೆ ಸಿಪ್ಪೆ ಎದ್ದರೂ ಅವನ ಮಾತು ಮುಗಿದಿರುವುದಿಲ್ಲ.

ಆದರೂ ಅವನು ಮಾತು ತಪ್ಪಲಿಲ್ಲ ಎಂದೇ ಹೇಳಬೇಕು. ಪೂರ್ತಿ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ! ಕ್ಷೌರದ ಆರ್ವಿಲ್ ಕತ್ತರಿಯನ್ನು ಕಿವಿಯ ಹತ್ತಿರ ಹಿಡಿದು "ರಜೆಗೆ ಎಲ್ಲಿಗೆ ಸವಾರಿ?" ಎಂದಾಗ ರಸ್ತೆಯ ನಂಬರೊಂದನ್ನೇ ಹೇಳಿದ. ಟೈರ್ ಅಂಗಡಿಯ ಡ್ವೇನ್ "ಇಷ್ಟು ದಪ್ಪ ಟೈರು ಯಾಕೋ ನಿಂಗೆ?" ಎಂದಾಗ ಮರದ ಮೋಟಿನ ಸಂಗತಿಯೊಂದನ್ನೇ ಹೇಳಿದ. ಚರ್ಚಿನ ಕಚೇರಿ ನೋಡಿಕೊಳ್ಳುವ ಗೆರ್ಡಾ, ರಜೆಯ ಸಹಭೋಜನಕ್ಕೆ ಯಾಕೆ ಬರುವುದಿಲ್ಲವೆಂದು ಗದರಿಸಿದಾಗ ಹಳ್ಳ ದಾಟುವುದೊಂದನ್ನೇ ಹೇಳಿದ. ಒಬ್ಬೊಬ್ಬರಿಗೆ ಒಂದೊಂದು ಚೂರು. ತನ್ನ ಜಾಣತನಕ್ಕೆ ತಾನೇ ಬೆರಗಾಗಿ ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಗಂಡ ಹೆಂಡತಿ ಹುಲ್ಲುನೆಲ ತಲುಪಿದರು. ಡೇರೆ ಎದ್ದಿತು. ಮಾರ್ಲಿಸ್ ಮಡಿಸುವ ಕುರ್ಚಿ ಬಿಡಿಸಿ, ಶೂ ಕಳಚಿ, ಕಣ್ಣು ಮುಚ್ಚಿದಳು. ಹಳ್ಳ ಹರಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

"ಕೇಳಿಸ್ತಾ?" ಎಂದ ವೆಂಡೆಲ್.

"ಏನು?"

"ಮೌನ! ಎಂಥಾ ಮೌನ ನೋಡು! ನಮ್ಮೂರಲ್ಲಿ ಸಿಗುತ್ತಾ ಇದು? ಅಲ್ಲಿ ಫ್ರಿಜ್ ಗುಂಯ್ ಅನ್ನುತ್ತೆ, ಪಕ್ಕದ್ಮನೆ ನಾಯಿ ಬೊಗಳುತ್ತೆ. ಇಲ್ಲಿ ಒಂದು ಸದ್ದಾದ್ರೂ ಇದ್ಯಾ? ನೀನೇ ಹೇಳು."

"ಒಂದಿದೆ."

"ಮರಕುಟಿಗ ಇರ್ಬೇಕು," ಎಂದು ವೆಂಡೆಲ್ ಮರಕುಟಿಗಗಳ ಬಗ್ಗೆ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದ. ಅದು ಮುಗಿದ ಮೇಲೆ ಲಾರ್ಚ್ ಮರದ ಬಗ್ಗೆ ಹೇಳಿದ. ಕರಡಿ ಬಾರದಂತೆ ಊಟದ ಚೀಲವನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂದು ಹೇಳಿದ. ಮಾರ್ಲಿಸ್ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಳು.

ಒಂದು ಗಂಟೆಗೆ ಹಳ್ಳದಾಚೆ ಗಾಡಿಯ ಸದ್ದಾಯಿತು. ಮರಗಳ ಸಂದಿಯಿಂದ ಮೊದಲು ಬಂದದ್ದು ಒಂದು ನಾಯಿ. ಅದರ ಹಿಂದೆ ಆರ್ವಿಲ್, ಆರ್ವಿಲ್‌ನ ಹೆಂಡತಿ, ಆರ್ವಿಲ್‌ನ ಅಕಾರ್ಡಿಯನ್ ವಾದ್ಯ!

"ಓಹೋ, ವೆಂಡೆಲ್! ನೀನೂ ಇಲ್ಲಿಗೇ ಬಂದ್ಯಾ?" ಎಂದ ಆರ್ವಿಲ್, ಅವನೇ ಮೊದಲು ಬಂದವನಂತೆ.

"ನಿಂಗೆ ನಾನು ಹೇಳಿದ್ದು ಬರೀ ರಸ್ತೆ ನಂಬರು ಕಣೋ!"

"ಹೂಂ. ರಸ್ತೆ ನಂಗೆ ಗೊತ್ತಿತ್ತು, ಮೋಟು ಡ್ವೇನ್‌ಗೆ ಗೊತ್ತಿತ್ತು, ಹಳ್ಳ ಗೆರ್ಡಾ ಅವರಿಗೆ ಗೊತ್ತಿತ್ತು. ಬುಧವಾರ ಮೂವರೂ ಹೋಟೆಲಲ್ಲಿ ಒಂದೇ ಮೇಜಿಗೆ ಕೂತ್ವಿ ನೋಡು. ಕಾಫಿ ಬರೋ ಹೊತ್ತಿಗೆ ನಕ್ಷೇನೇ ಆಗೋಯ್ತು!"

ವೆಂಡೆಲ್ ಹಳ್ಳದ ಕಡೆಗೊಮ್ಮೆ ನೋಡಿದ. "ಹೋಟೆಲಲ್ಲಿ ಇನ್ಯಾರಾದ್ರೂ ಇದ್ರಾ?"

"ಬುಧವಾರ ಅಲ್ವಾ, ಆಪಲ್ ಪೈ ಮಾಡೋ ದಿನ," ಎಂದ ಆರ್ವಿಲ್. "ಎಲ್ಲಾ ಇದ್ರು."

ಎಲ್ಲರೂ ಬಂದರು. ಎರಡು ಗಂಟೆಗೆ ಡ್ವೇನ್ ಮನೆಯಷ್ಟುದ್ದದ ಟ್ರೇಲರನ್ನು ಹಳ್ಳ ದಾಟಿಸಿ ತಂದ. ಅದು ಹೇಗೆ ದಾಟಿತು ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅವನ ಜನರೇಟರ್ ಶುರುವಾದಾಗ ಅಳಿದುಳಿದ ಹಕ್ಕಿಗಳೂ ಗುಡ್ಡ ದಾಟಿದವು. ಮೂರು ಗಂಟೆಗೆ ಗೆರ್ಡಾ, ಅವರೊಂದಿಗೆ ಚರ್ಚಿನ ಒಂಬತ್ತು ಹೆಂಗಸರು, ಒಂಬತ್ತು ಪಾತ್ರೆ ಆಲೂಗಡ್ಡೆ ಸಲಾಡು. "ನೀನು ಸಹಭೋಜನಕ್ಕೆ ಬರಲ್ಲ ಅಂದ್ಯಲ್ಲಪ್ಪಾ, ಅದಕ್ಕೆ ಸಹಭೋಜನವನ್ನೇ ನಿನ್ನ ಹತ್ರ ತಂದ್ವಿ," ಎಂದರು ಗೆರ್ಡಾ ಪ್ರೀತಿಯಿಂದ. ನಾಲ್ಕು ಗಂಟೆಗೆ ಗಾಡಿಗಳನ್ನು ಎಣಿಸುವುದನ್ನು ವೆಂಡೆಲ್ ಬಿಟ್ಟುಬಿಟ್ಟ. ಮಾರ್ಲಿಸ್‌ಳ ಬಸ್ಸಿನ ಮಕ್ಕಳಲ್ಲೇ ಹದಿನಾಲ್ಕು ಮಂದಿ ಅಲ್ಲಿದ್ದರು. "ಮಿಸೆಸ್ ಹಾಲ್ವರ್ಸನ್!" ಎಂಬ ಕೂಗು ಮೂರು ದಿಕ್ಕಿನಿಂದ ಎದ್ದಿತು.

ವೆಂಡೆಲ್‌ಗೆ ನಾಚಿಕೆಯಾಯಿತು, ನಿಜಕ್ಕೂ ಆಯಿತು. ಹೆಂಡತಿ ಇಪ್ಪತ್ತೈದು ವರ್ಷದಲ್ಲಿ ಕೇಳಿದ್ದೇ ಇದೊಂದು. ಹೋಗಿ ಅವಳ ಮುಂದೆ ತಪ್ಪೊಪ್ಪಿಕೊಳ್ಳಬೇಕೆಂದು ನಾಲ್ಕು ಹೆಜ್ಜೆ ಇಟ್ಟಿದ್ದ. ಅಷ್ಟರಲ್ಲಿ ಯಾರೋ ಹಳ್ಳದ ದಡದಲ್ಲೇ ಡೇರೆಯ ಗೂಟ ಹೊಡೆಯುತ್ತಿರುವುದು ಕಣ್ಣಿಗೆ ಬಿತ್ತು.

"ಏಯ್! ಡೇರೆ ನೀರಿಂದ ಇನ್ನೂರು ಅಡಿ ದೂರ ಇರ್ಬೇಕು, ಕಾಡಿನ ನಿಯಮ! ಇನ್ನೂರು!"

"ಇನ್ನೂರು ಅಂದ್ರೆ ಎಲ್ಲಿಗೆ ಬರುತ್ತೆ?"

ಪ್ರಶ್ನೆ ಕೇಳಿದರೆ ವೆಂಡೆಲ್ ಉತ್ತರ ಕೊಡದೆ ಹೇಗಿರುತ್ತಾನೆ? ಹೆಜ್ಜೆ ಹಾಕಿ ಅಳೆದು ತೋರಿಸಿದ. ಆಮೇಲೆ ಇನ್ನೊಬ್ಬರಿಗೆ ಅಳೆದ. ಚರ್ಚಿನ ಹೆಂಗಸೊಬ್ಬರು ಪಿಸುದನಿಯಲ್ಲಿ ಒಂದು ಅತ್ಯಗತ್ಯ ಪ್ರಶ್ನೆ ಕೇಳಿದ್ದಕ್ಕೆ, ಪೊದೆಗಳ ಹಿಂದೆ ಸಲಿಕೆಯಿಂದ ಗುಂಡಿ ತೋಡಿದ. ಅಲ್ಲಿ ಸಾಲು ಬೆಳೆದದ್ದು ನೋಡಿ ಇನ್ನೊಂದು ತೋಡಿದ. ಜನರೇಟರಿಗೆ ಸಮಯ ನಿಗದಿಪಡಿಸಿದ, ಅಕಾರ್ಡಿಯನ್‌ಗೂ ಪಡಿಸಿದ. ಒಲೆ ಹೂಡುವವರ ಪಕ್ಕ ನೀರಿನ ಬಕೆಟ್ ಇದೆಯೇ ಎಂದು ಸುತ್ತು ಹಾಕಿದ. ಎರಡು ಸಂಸಾರಗಳು ಒಂದೇ ನೆರಳಿಗಾಗಿ ಕಿತ್ತಾಡಿದಾಗ, ಹಳ್ಳದ ಚಪ್ಪಟೆ ಕಲ್ಲುಗಳನ್ನು ತಂದು, ಇದ್ದಿಲಿನಿಂದ ಬರೆದು, ಪ್ರತಿ ಡೇರೆಯ ಮುಂದೆ ಒಂದೊಂದು ನಂಬರು ಇಟ್ಟ! ಅವನ ಮುಖ ಬೆವರಿನಿಂದ, ಇನ್ನೂ ನಿಜ ಹೇಳಬೇಕೆಂದರೆ ಸಂತೋಷದಿಂದ, ಹೊಳೆಯುತ್ತಿತ್ತು.

ಹದಿನೇಳನೆಯ ಕಲ್ಲು ಇಡುವಾಗ ಬೆನ್ನ ಹಿಂದೆ ಮಾರ್ಲಿಸ್ ನಿಂತಿದ್ದಳು.

"ನಮ್ದು ಎಷ್ಟನೇ ನಂಬರು?" ಎಂದು ಶಾಂತವಾಗಿ ಕೇಳಿದಳು.

"ಒಂದು," ಎಂದ ವೆಂಡೆಲ್ ಹೆಮ್ಮೆಯಿಂದ. ಹೇಳಿದ ಮೇಲೆ ಅವಳ ಮುಖ ನೋಡಿದ. ಕೈಯಲ್ಲಿದ್ದ ಇದ್ದಿಲು ಕೆಳಗೆ ಬಿತ್ತು.

"ಮಾರ್ಲಿಸ್... ನಾನು ಯಾರಿಗೂ ಪೂರ್ತಿ ಹೇಳಿರ್ಲಿಲ್ಲ ಕಣೇ. ದೇವರಾಣೆ."

"ಗೊತ್ತು."

"ಕೋಪಾನಾ?"

"ಇಲ್ಲಪ್ಪಾ. ಗಾಡಿ ಕೀ ಕೊಡು."

"ಎಲ್ಲಿಗೆ?"

"ಮನೆಗೆ."

"ಮನೆಗಾ! ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ," ಎಂದಳು ಮಾರ್ಲಿಸ್. ಹೇಳಿದವಳೇ ತನ್ನ ಮಾತನ್ನು ತಾನೇ ಮತ್ತೊಮ್ಮೆ ಕೇಳಿಸಿಕೊಂಡವಳಂತೆ ಕಣ್ಣರಳಿಸಿದಳು. "ಊರಲ್ಲೂ ಯಾರೂ ಇಲ್ಲ, ವೆಂಡೆಲ್. ಎಲ್ಲಾ ಇಲ್ಲೇ ಇದ್ದಾರೆ! ಪಕ್ಕದ್ಮನೆಯವರ ನಾಯೀನೂ ಅಲ್ಲಿ ಆರ್ವಿಲ್ ನಾಯಿ ಜೊತೆ ಆಡ್ತಿದೆ."

"ತಡಿ, ಚೀಲ ತರ್ತೀನಿ, ನಾನೂ ಬರ್ತೀನಿ."

"ನೀನು ಬಂದ್ರೆ ಅಲ್ಲಿ ಒಬ್ರು ಇದ್ದಂಗಾಗುತ್ತಲ್ಲ!"

ಅವಳು ಕೆನ್ನೆಗೊಂದು ಮುತ್ತು ಕೊಟ್ಟೇ ಹೋದಳು. ಅದೇ ವೆಂಡೆಲ್‌ಗೆ ಹೆಚ್ಚು ನೋವಾದದ್ದು. ಆಗ ಸಂಜೆ ಆರು ಗಂಟೆ, ಬಿಸಿಲು ಇನ್ನೂ ಮರದ ತುದಿಯಲ್ಲೇ ಇತ್ತು. ಪಿಕಪ್ ಹಳ್ಳ ದಾಟಿ ಮರೆಯಾಗುವವರೆಗೂ ನಿಂತು ನೋಡಿದ. ಯಾರೋ ಭುಜ ತಟ್ಟಿ, ಹನ್ನೆರಡನೇ ನಂಬರಿನವರು ಒಂಬತ್ತನೇ ನಂಬರಿನ ಹಗ್ಗ ಎಡವಿ ಬಿದ್ದರೆಂದು ದೂರು ಕೊಟ್ಟರು.

ಆ ಮೂರು ದಿನ ವೆಂಡೆಲ್‌ಗೆ ಕೇಳುವವರಿಗೆ ಬರವಿರಲಿಲ್ಲ. ಮರಕುಟಿಗದ ಕಥೆಯನ್ನು ಆರು ಬೆಂಕಿಗಳ ಮುಂದೆ ಆರು ಸಲ ಹೇಳಿದ. ಎಲ್ಲರೂ ಭೇಷ್ ಎಂದರು. ಆದರೂ ಹೇಳುವಾಗೆಲ್ಲ ಅವನ ಕಣ್ಣು ಒಂದನೇ ನಂಬರಿನ ಖಾಲಿ ಕುರ್ಚಿಯ ಕಡೆಗೆ ಹೋಗಿ, ಮಾತು ನಡುವೆ ತಪ್ಪುತ್ತಿತ್ತು. ತಾನು ಇಪ್ಪತ್ತೈದು ವರ್ಷ ಹೇಳಿದ್ದನ್ನೆಲ್ಲ ಆ ಕುರ್ಚಿಯವಳು ಕೇಳಿಸಿಕೊಂಡಿದ್ದಳು. ಅವಳು ಹೇಳಿದ್ದನ್ನು ತಾನು ಎಷ್ಟು ಕೇಳಿದ್ದೇನೆ ಎಂದು ಲೆಕ್ಕ ಹಾಕಹೊರಟು, ಹೆದರಿ ಅರ್ಧಕ್ಕೇ ಬಿಟ್ಟ. ಸೋಮವಾರ ಎಲ್ಲರ ಬೂದಿಗೂ ನೀರು ಹೊಯ್ದು, ಕೈಯಿಟ್ಟು ತಣ್ಣಗಾದದ್ದು ನೋಡಿ, ಗುಂಡಿ ಮುಚ್ಚಿ, ನಂಬರಿನ ಕಲ್ಲುಗಳನ್ನು ಒಂದೊಂದಾಗಿ ತೊಳೆದು ಹಳ್ಳಕ್ಕೆ ಹಾಕಿ, ಡ್ವೇನ್‌ನ ಗಾಡಿಯಲ್ಲಿ ಊರಿಗೆ ಬಂದ.

ಮಾರ್ಲಿಸ್ ಮನೆಯ ಹಿಂದಿನ ಜಗುಲಿಯಲ್ಲಿ ಕೂತಿದ್ದಳು. ಬರಿಗಾಲು ಎರಡೂ ತಣ್ಣೀರಿನ ಬೋಗುಣಿಯಲ್ಲಿ, ತೊಡೆಯ ಮೇಲೆ ಪದಬಂಧ. ಮುಖದ ಮೇಲಿನ ಹತ್ತು ವರ್ಷ ಎಲ್ಲೋ ಇಳಿದು ಹೋಗಿತ್ತು. ಹಬೆಯಾಡುವ ಪಾತ್ರೆಯ ಮುಚ್ಚಳದಂತೆ ವೆಂಡೆಲ್‌ನ ಬಾಯಿ ತೆರೆಯಿತು. "ಮಾರ್ಲಿಸ್, ಅಲ್ಲಿ ಏನಾಯ್ತು ಅಂದ್ರೆ..."

ಅವಳು ಒಂದು ಬೆರಳೆತ್ತಿ, ಒಳಗಿನ ಗೋಡೆಯ ಗಡಿಯಾರ ತೋರಿಸಿದಳು. ನಾಲ್ಕೂವರೆ. ಮೂರು ದಿನ ತುಂಬಲು ಇನ್ನೂ ಒಂದೂವರೆ ಗಂಟೆ ಬಾಕಿ.

ವೆಂಡೆಲ್ ಬಾಯಿ ಮುಚ್ಚಿ ಮೆಟ್ಟಿಲ ಮೇಲೆ ಕೂತ. ಮೊದಲ ಕಾಲು ಗಂಟೆ ನಾಲಿಗೆ ಹಲ್ಲಿನ ಹಿಂದೆ ಹೊರಳಾಡಿತು. ಆಮೇಲೆ ಸುಸ್ತಾಗಿ ಮಲಗಿತು. ಅವಳು ಪುಟ ತಿರುವುವ ಸದ್ದು ಕೇಳಿತು. ಬೋಗುಣಿಯಲ್ಲಿ ಅವಳ ಕಾಲ್ಬೆರಳು ಆಡುವ ಸದ್ದು ಕೇಳಿತು. ಪದ ಹೊಳೆದಾಗ ಅವಳು ಗಂಟಲಲ್ಲೇ ಸಣ್ಣಗೆ "ಹ್ಞಾ" ಅನ್ನುತ್ತಾಳೆ ಎಂಬುದು ಇಪ್ಪತ್ತೈದು ವರ್ಷದಲ್ಲಿ ಅವನಿಗೆ ಗೊತ್ತೇ ಇರಲಿಲ್ಲ. ಹೆಂಡತಿಯ ಪಕ್ಕ ಸುಮ್ಮನೆ ಕೂರುವುದರಲ್ಲಿ ಇಷ್ಟು ಸುಖವಿದೆಯೆಂದು ಯಾರೂ ಅವನಿಗೆ ಹೇಳಿರಲಿಲ್ಲ; ಹೇಳಲು ಅವನು ಬಿಟ್ಟಿದ್ದರೆ ತಾನೆ!

ಗಡಿಯಾರ ಆರು ಹೊಡೆಯಿತು. ಮಾರ್ಲಿಸ್ ಪೆನ್ಸಿಲ್ ಕೆಳಗಿಟ್ಟು, ಎದುರಾಗುವ ಮಳೆಗೆ ಕೊಡೆ ಬಿಚ್ಚುವವಳ ಹಾಗೆ ಉಸಿರೆಳೆದುಕೊಂಡಳು.

"ಹೂಂ, ಈಗ ಹೇಳು. ಏನೇನಾಯ್ತು?"

ವೆಂಡೆಲ್ ಮೆಟ್ಟಿಲ ಮೇಲೆ ಇನ್ನಷ್ಟು ಆರಾಮಾಗಿ ಒರಗಿದ.

"ಏನಿಲ್ಲ ಬಿಡು," ಎಂದ.

ಮಾರ್ಲಿಸ್ ಬೋಗುಣಿಯಿಂದ ಎದ್ದೇಬಿಟ್ಟಳು. ಒದ್ದೆಗಾಲಲ್ಲೇ ಓಡಿಬಂದು ಅವನ ಹಣೆ ಮುಟ್ಟಿ ನೋಡಿದಳು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಅಂಗಿಯ ಕಾಲರ್ ಎಳೆದು ಕುತ್ತಿಗೆ, ಕಿವಿಯ ಹಿಂಭಾಗ, ಬೆನ್ನು ಎಲ್ಲ ತಡಕಾಡಿದಳು.

"ಅಯ್ಯೋ ದೇವರೇ, ಏನು ಕಚ್ಚಿತೋ ನಿಂಗೆ ಕಾಡಲ್ಲಿ? ಮಾತಾಡೋ ಮಾರಾಯ, ನಂಗೆ ಭಯ ಆಗ್ತಿದೆ!"