ಕರಿಬೇವಿಗೊಂದು ಗಾಜಿನ ಮನೆ

ಊಟಿಯಲ್ಲಿ ಕರಿಬೇವು ಬೆಳೆಸುವುದೆಂದರೆ ಹುಡುಗಾಟವೇ? ಅಂಬುಜಾಕ್ಷಮ್ಮ ನಂಜನಗೂಡಿನ ತವರಿನಿಂದ ತಂದ ಎರಡು ಗಿಡ ಆಗಲೇ ಹಿಮಕ್ಕೆ ಸಿಕ್ಕಿ ಕರಕಲಾಗಿದ್ದವು. ಇದು ಮೂರನೆಯದು. "ಇದೂ ಹೋದರೆ ನಾನು ಒಗ್ಗರಣೆ ಹಾಕೋದನ್ನೇ ಬಿಟ್ಟುಬಿಡ್ತೀನಿ," ಎಂದು ಆಕೆ ಕಣ್ಣೊರೆಸಿಕೊಂಡರು. ಗಂಡ ಶೇಷಗಿರಿರಾಯರಿಗೆ ಅಷ್ಟು ಸಾಕಿತ್ತು! ಥರ್ಮಾಮೀಟರ್ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಎರಡು ತಿಂಗಳು ಶೆಡ್ಡಿನಲ್ಲಿ ಕುಟ್ಟಿ, ಬೆಸೆದು, ಸಂಕ್ರಾಂತಿಯ ಮಾರನೆಯ ಸಂಜೆ ಒಂದು ಯಂತ್ರವನ್ನು ಅಂಗಳಕ್ಕೆ ತಳ್ಳಿಕೊಂಡು ಬಂದರು.

ಕಬ್ಬಿಣದ ಎರಡು ಕೈ, ಮೂತಿಗೊಂದು ತಾಮ್ರದ ತಂತಿ, ಬೆನ್ನಿಗೆ ಆಳೆತ್ತರದ ಗಾಜಿನ ಗೂಡು.

"ತಂತಿ ಮುಟ್ಟಿಸಿದರೆ ಸಾಕು, ಯಾವ ಗಿಡ ಎಷ್ಟು ಚಳಿ ತಡೆಯುತ್ತೆ ಅಂತ ಹೇಳಿಬಿಡುತ್ತೆ! ಗಟ್ಟಿಗರು ಹೊರಗೆ, ನಾಜೂಕಿನವರು ಗೂಡಿನೊಳಗೆ. ಒಳಗೆ ಹೀಟರ್ ಇದೆ. ಕೊನೇ ಹಿಮ ಬೀಳೋವರೆಗೂ ಬಾಗಿಲು ತೆಗೆಯೋಲ್ಲ."

"ಅದ್ಯಾಕೆ?"

"ನೀನು ದಿನಕ್ಕೆ ಹತ್ತು ಸಲ ತೆಗೆದು ನೋಡ್ತೀಯಲ್ಲ, ಅದಕ್ಕೆ!"

ಬೇಲಿಯಾಚೆಯಿಂದ ಬೆಳ್ಳಿಗೌಡರೂ ಬಂದರು. ಅವರಿಗೆ ಪಕ್ಕದಲ್ಲೇ ಕ್ಯಾರೆಟ್ ತೋಟ.

ಯಂತ್ರ ಕೋಸಿನ ಗಿಡ ಮುಟ್ಟಿತು. "ಮೈನಸ್ ಆರು. ಹೊರಗಿರಲಿ." ಕರಿಬೇವನ್ನು ಮುಟ್ಟಿತು. "ಏಳು ಡಿಗ್ರಿ. ನಾಜೂಕು." ಕುಂಡವನ್ನು ಮಗುವಿನಂತೆ ಎತ್ತಿ ಗೂಡಿನಲ್ಲಿಟ್ಟಿತು. ಅಂಬುಜಾಕ್ಷಮ್ಮ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗಿಡಕ್ಕೂ ಮನುಷ್ಯರಿಗೂ ಏನು ವ್ಯತ್ಯಾಸ ಎಂಬುದನ್ನು ರಾಯರು ಅದಕ್ಕೆ ಕಲಿಸಿಯೇ ಇರಲಿಲ್ಲ!

ತಂತಿ ಗೌಡರ ತೋಳಿಗೆ ತಗುಲಿತು. "ಮೈನಸ್ ಏಳು. ಹೊರಗಿರಲಿ."

"ನೋಡಿದ್ರಾ!" ಗೌಡರು ಮೀಸೆ ತಿರುವಿದರು.

ಅಂಬುಜಾಕ್ಷಮ್ಮನ ಕೈಗೆ ತಗುಲಿತು. "ಮೈನಸ್ ಹನ್ನೆರಡು. ಕೋಸಿಗಿಂತ ಗಟ್ಟಿ."

"ರೀ, ಏನನ್ನುತ್ತೆ ಇದು ನನ್ನ? ನಿಲ್ಲಿಸ್ರೀ ಮೊದಲು!"

ರಾಯರು ನಿಲ್ಲಿಸಲು ಓಡಿದರು. ಎರಡು ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ತೊಟ್ಟು ಓಡುವುದು ಸುಲಭವೇ? ತಂತಿ ಅವರ ಮೂಗಿಗೇ ತಗುಲಿತು.

"ಹದಿನೆಂಟು ಡಿಗ್ರಿ. ಅತಿ ನಾಜೂಕು!"

ಅಯ್ಯೋ ಎನ್ನುವಷ್ಟರಲ್ಲಿ ರಾಯರು ಕರಿಬೇವಿನ ಪಕ್ಕ ಕೂತಿದ್ದರು. ಬಾಗಿಲು ಟಪ್ಪೆಂದು ಬಿತ್ತು. ಸಾಲದ್ದಕ್ಕೆ ಯಂತ್ರ ಗೂಡಿನ ಮಾಡಿನಿಂದ ಇಬ್ಬರಿಗೂ ಸಮನಾಗಿ ನೀರು ಚಿಮುಕಿಸಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಗೌಡರೂ ಅಂಬುಜಾಕ್ಷಮ್ಮನೂ ಎಷ್ಟು ಎಳೆದರೂ ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ನೀರು ಹಾಕುವ ಪುಟ್ಟ ಕಿಂಡಿಯಿಂದ ಕಂಬಳಿ, ಚಪಾತಿ ಒಳಗೆ ಹೋದವು.

ಬೆಳಗಾಗುವಾಗ ಅಂಗಳವೆಲ್ಲ ಹಿಮ ಬಿದ್ದು ಬಿಳಿ. ಅಂಬುಜಾಕ್ಷಮ್ಮ ಗೌಡರ ಸುತ್ತಿಗೆ ಹಿಡಿದು ಬಂದರು. ನೋಡುತ್ತಾರೆ, ಕಂಬಳಿ ಹೊದ್ದಿರುವುದು ಕರಿಬೇವು! ರಾಯರು ಅದನ್ನು ತಬ್ಬಿಕೊಂಡು ನಡುಗುತ್ತ ಕೂತಿದ್ದಾರೆ.

"ಒಡೀಬೇಡ ಕಣೇ! ಗಾಜು ಹೋದರೆ ಗಿಡ ಹೋಯ್ತು. ಎರಡು ಚಿಗುರು ಬಿಟ್ಟಿದೆ ನೋಡು!"

ಅಂಬುಜಾಕ್ಷಮ್ಮ ಸುತ್ತಿಗೆ ಕೆಳಗಿಳಿಸಿದರು. ನಲವತ್ತು ವರ್ಷದಲ್ಲಿ ಈ ಮನುಷ್ಯನ ಮೇಲೆ ಇಷ್ಟು ಪ್ರೀತಿ, ಇಷ್ಟು ಸಿಟ್ಟು ಒಟ್ಟಿಗೇ ಬಂದದ್ದಿಲ್ಲ.

"ಅಲ್ಲಾ, ಕೊನೇ ಹಿಮ ಯಾವತ್ತು ಅಂತ ಹೇಳಿಕೊಟ್ಟಿದ್ದೀರಿ ಈ ಯಂತ್ರಕ್ಕೆ?"

ರಾಯರು ಕುಂಡ ನೋಡಿದರು, ಆಕಾಶ ನೋಡಿದರು. "ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರಲ್ಲ... ಅದನ್ನೇ ಹೇಳಿಕೊಟ್ಟಿದ್ದೆ."

ಶಿವರಾತ್ರಿಗೆ ಇನ್ನೂ ಒಂದು ತಿಂಗಳಿತ್ತು. ಅಂಬುಜಾಕ್ಷಮ್ಮ ಗಿಡ ನೋಡಿದರು, ಗಂಡನನ್ನು ನೋಡಿದರು. ಸುತ್ತಿಗೆಯನ್ನು ಗೌಡರಿಗೆ ವಾಪಸು ಕೊಟ್ಟು, ಇನ್ನೊಂದು ಕಂಬಳಿ ತಂದು ಕಿಂಡಿಯಲ್ಲಿ ತೂರಿಸಿದರು. ಆಮೇಲೆ ಅದೇ ಕಿಂಡಿಗೆ ಕೈಯೊಡ್ಡಿದರು.

"ಉಪ್ಪಿಟ್ಟಿಗೆ ಒಗ್ಗರಣೆ ಹಾಕಬೇಕು. ಹೇಗೂ ಅಲ್ಲೇ ಇದ್ದೀರಲ್ಲ, ಒಂದು ನಾಲ್ಕು ಎಲೆ ಕಿತ್ತುಕೊಡಿ. ಚಿಗುರು ಮುಟ್ಟೀರಿ, ಜೋಕೆ!"