ಕೈ ಕೊಟ್ಟ ಕಂಪ್ಯೂಟರು

ಎಲ್ಲಾ ಆಗಿದ್ದು ಮೇಜು ಸಣ್ಣದಿದ್ದುದರಿಂದ.

ಮುರುಮ ಊರಿನ ರೇವಣಪ್ಪ ಇಪ್ಪತ್ತು ವರ್ಷ ಟೈಪ್ ಮಶೀನು ಕುಟ್ಟಿದ ಮನುಷ್ಯ. ಆ ಮಶೀನಿನ ಮೇಜಿನ ಮೇಲೆ ಹೊಸ ಕಂಪ್ಯೂಟರಿನ ಸ್ಕ್ರೀನು ಕೂತಿತು, ಕೀಬೋರ್ಡು ಕೂತಿತು. ಅದರ ಸಿಪಿಯು ಡಬ್ಬಿಗೆ ಜಾಗ ಉಳಿಯಲಿಲ್ಲ. ಸೋಲಾಪುರದಿಂದ ಬಿಡಿ ಸಾಮಾನು ತಂದು ಅದನ್ನು ಜೋಡಿಸಿದ ಉಮರ್ಗಾದ ರೇಡಿಯೊ ರಿಪೇರಿ ಧನರಾಜ ಡಬ್ಬಿಯನ್ನು ಮೇಜಿನ ಕೆಳಗಿಡಲು ಹೋದ. ರೇವಣಪ್ಪನ ತಾಯಿ ತುಳಜಾಬಾಯಿ ಅಡ್ಡ ಬಂದಳು.

"ಸರಸ್ವತಿನ್ನ ಕಾಲಾಗ ಇಡ್ತೀ ಏನೋ? ಹುಳ ಬೀಳ್ತಾವ ಕೈಗಿ."

ಹೀಗಾಗಿ ಡಬ್ಬಿ ದೇವರ ಜಗಲಿಯ ಮೇಲೆ, ಪರದೆಯ ಹಿಂದೆ ಹೋಗಿ ಕೂತಿತು. ವಾಯರುಗಳು ಪರದೆಯ ಕೆಳಗಿಂದ ಮೇಜಿಗೆ ಬಂದವು. ಡಬ್ಬಿಯ ಮುಂದೆ ಒಂದು ದುಂಡನೆಯ ಗುಂಡಿ, ಸುತ್ತ ಹಸಿರು ಬೆಳಕು. "ಥೇಟ್ ಲಿಂಗಪ್ಪನಂಗ ಅದ" ಎಂದು ಮುದುಕಿ ಖುಷಿಯಾದಳು.

"ಗುಂಡಿ ಒತ್ತಿದರ ಚಾಲೂ ಆಗ್ತದ, ಮಾಮಾ. ಬಂದ್ ಮಾಡೋದು ಸ್ಕ್ರೀನಿನಾಗಿಂದ" ಎಂದ ಧನರಾಜ. "ನಡುನಡುಕ ಸೇವ್ ಮಾಡ್ಕೋತ ಹೋಗ್ರಿ."

"ಅರ್ಧ ಟೈಪ್ ಮಾಡಿ ಯಾರರ ಕಾಗದ ಎಳೀತಾರೇನೋ?" ಎಂದು ರೇವಣಪ್ಪ ನಕ್ಕ.

ಮರುದಿನವೇ ಪರೀಕ್ಷೆ. ಕಬ್ಬಿನ ಸೊಸೈಟಿಯ ಸೆಕ್ರೆಟರಿ ಕಾಶೆಪ್ಪ ಇನ್ನೂರಾ ಹನ್ನೆರಡು ರೈತರ ಹೆಸರಿನ ಪಟ್ಟಿ ಕೊಟ್ಟು ಹೇಳಿದ್ದ: "ಸಂಜಿ ಐದಕ್ಕ ಫ್ಲಾಪಿಯೊಳಗ ಹಾಕಿ ಕೊಟ್ಟರ ಆಫೀಸಿನ ಕಂಪ್ಯೂಟರ್ ಖುರ್ಚಿ ನಿಂದು. ಇಲ್ಲಂದ್ರ ಲಾತೂರಿನಾಂವಗ ಹೇಳೀನಿ." ಟೈಪ್ ಮಶೀನಿನ ಕಡೆ ಈಗ ಯಾರೂ ಹೊರಳಿ ನೋಡುತ್ತಿರಲಿಲ್ಲ. ಆ ಖುರ್ಚಿ ತಪ್ಪಿದರೆ ರೇವಣಪ್ಪನಿಗೆ ಕೂಡಲು ಬೇರೆ ಖುರ್ಚಿ ಇರಲಿಲ್ಲ.

ಜಗಲಿ ಅವ್ವನ ರಾಜ್ಯವಾದ್ದರಿಂದ ಗುಂಡಿ ಒತ್ತಿ ಚಾಲೂ ಮಾಡುವುದೂ ಅವಳ ಕೆಲಸವೇ ಆಯಿತು. ಮುಂಜಾನೆ ರೇವಣಪ್ಪನ ಬೆರಳು ಕಾದ ಹಂಚಿನ ಮೇಲಿನ ಜೋಳದಂತೆ ಸಿಡಿದವು. ಅರವತ್ತು ಹೆಸರಾದವು. ಪರದೆಯ ಹಿಂದೆ ಅವ್ವನ ಪೂಜೆ ನಡೆದಿತ್ತು. ಟಪ್ ಎಂದಿತು, ಸ್ಕ್ರೀನು ಕಾವಲಿಯಂತೆ ಕಪ್ಪಾಯಿತು.

"ನೀ ಒಬ್ಬನೇ ಇವತ್ತ ದೇವರಿಗಿ ಕೈ ಮುಗದಿಲ್ಲ. ಮತ್ತೇನಾಗ್ತದ?" ಎಂದಳು ಅವ್ವ.

"ಕೆಲಸ ಮುಗೀಲಿ, ಆಮ್ಯಾಲ ಮುಗೀತೀನಿ ಬಿಡವ್ವಾ."

ಅವ್ವನಿಂದ ಮತ್ತೆ ಚಾಲೂ ಮಾಡಿಸಿ ಮೊದಲಿನಿಂದ ಕುಟ್ಟಿದ. ಎಪ್ಪತ್ತಕ್ಕೆ ಬಂದಾಗ ಪಕ್ಕದ ಮನೆಯ ನಾಗಣ್ಣ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕುತ್ತ ಬಂದ. ಭೂಕಂಪವಾಗಿ ಎಂಟು ವರ್ಷವಾದರೂ ಅಂಗಳದಲ್ಲೇ ಮಲಗುವ, ತಲೆದಿಂಬಿನ ಹತ್ತಿರ ಚರಿಗೆಯ ಮೇಲೆ ಚರಿಗೆ ಇಟ್ಟುಕೊಳ್ಳುವ ಮನುಷ್ಯ. ನೆಲ ನಡುಗಿದರೆ ಅವು ಉರುಳಿ ಎಬ್ಬಿಸುತ್ತವಂತೆ. "ಮೊದಲ ದೇವರಿಗಿ ನಮಸ್ಕಾರ ಮಾಡಿ ಬರ್ತೀನಿ" ಎಂದು ಒಳಗೆ ಹೋದ. ಟಪ್.

"ಇದು ಭೂಮಿ ಅಳ್ಳಾಡೋ ಲಕ್ಷಣ, ರೇವಣಪ್ಪ" ಎಂದು ನಾಗಣ್ಣ ಪರದೆ ಹರಿಯುವಂತೆ ಹೊರಗೆ ಓಡಿ ಬಂದ. ಮನೆಗೆ ಹೋಗಿ ಎರಡೂ ಚರಿಗೆ ತಂದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು, ಎದುರಿಗೆ ಕಾವಲು ಕೂತ. ರೇವಣಪ್ಪ ಜೋರಾಗಿ ಕುಟ್ಟಿದಾಗಲೆಲ್ಲ ಚರಿಗೆ ಬಿದ್ದವು. ಚರಿಗೆ ಬಿದ್ದಾಗಲೆಲ್ಲ ನಾಗಣ್ಣ ಓಡಿದ.

ಗದ್ದಲ ಕೇಳಿ ಎದುರುಮನೆಯ ಶಿವಗಂಗಾಬಾಯಿ ಬಂದಳು. "ಹೊಸಾ ಸಾಮಾನಿಗಿ ನೆದರ ತಾಕ್ಯಾದ. ಊರೆಲ್ಲಾ ಬಂದು ನೋಡಿ ಹೋಗ್ಯಾದಲ್ಲ" ಎಂದು ಪರದೆಯ ಹಿಂದೆ ಹೋಗಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆದು, ದೇವರಿಗೂ ನಮಸ್ಕರಿಸಿದಳು. ಟಪ್. ನೂರಾ ಹತ್ತು ಹೆಸರು ಹೋದವು. ಮೆಣಸಿನಕಾಯಿ ಕೆಂಡಕ್ಕೆ ಬಿದ್ದು ಮನೆಯವರೆಲ್ಲ ಕೆಮ್ಮಿದರು.

ಮಧ್ಯಾಹ್ನ ಫೋನು ಮಾಡಿದ ಮೇಲೆ ಧನರಾಜ ಮಂದಿ ತುಂಬಿದ ಬಾಡಿಗೆಯ ವಡಾಪ್ ಜೀಪಿನಲ್ಲಿ ತೂಗಾಡುತ್ತ ಬಂದ. ಡಬ್ಬಿಯನ್ನು ನೆಲಕ್ಕೆ ಇಳಿಸಿ, ಬಿಚ್ಚಿ, ಒಳಗಿನ ಮೆಮರಿ ಪಟ್ಟಿಗಳನ್ನು ರಬ್ಬರಿನಿಂದ ತಿಕ್ಕಿ, ಊದಿ, ಮುಚ್ಚಿ ಒಂದು ತಾಸು ನಡೆಸಿದ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

"ಏನೂ ಆಗಿಲ್ಲ ಇದಕ್ಕ."

"ಡಾಕ್ಟರ್ ಬಂದಾಗ ಜ್ವರಾ ಎಲ್ಲಿರ್ತದ?" ಎಂದ ನಾಗಣ್ಣ.

ಡಬ್ಬಿ ಮತ್ತೆ ಜಗಲಿಗೇರಿತು. ಧನರಾಜನ ಜೀಪು ಬಸ್‌ಸ್ಟ್ಯಾಂಡು ದಾಟಿರಲಿಕ್ಕಿಲ್ಲ, ಇನ್ನು ನಿಲ್ಲದಿರಲಿ ಎಂದು ಅವ್ವ ದೇವರಿಗೆ ಹರಕೆ ಹೊತ್ತಳು. ಟಪ್.

ಆಗ ಮೂರು ಗಂಟೆ. ಎಂದೂ ಸಿಟ್ಟಾಗದ ರೇವಣಪ್ಪ ಎದ್ದು ನಿಂತ. "ಅವ್ವಾ, ಒಮ್ಮಿ ಚಾಲೂ ಮಾಡು. ಆಮ್ಯಾಲ ಎಲ್ಲಾರೂ ಹೊರಗ ನಡೀರಿ. ನೀನೂ."

"ಹೋಗ್ತೀನಪ್ಪ. ಖರೆ ಕೈ ಮುಗಿ ಮಗನ, ಒಮ್ಮೆರ ಮುಗಿ" ಎನ್ನುತ್ತ ಮುದುಕಿ ಹೊಸ್ತಿಲು ದಾಟಿದಳು. ರೇವಣಪ್ಪ ಅಗಳಿ ಹಾಕಿದ.

ಆಮೇಲೆ ಏನು ಓಟ ಅಂತೀರಿ. ದಾಳಿಂಬ ಊರಿನ ರೈತರು ಮುಗಿದರು, ಮುರುಮದವರು ಮುಗಿದರು. ನೂರು ದಾಟಿತು, ನೂರೈವತ್ತು ದಾಟಿತು. ಯಂತ್ರ ಉಸಿರು ಬಿಡದೆ ನಡೆಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಇನ್ನೂರಾ ಹನ್ನೆರಡನೆಯ ಹೆಸರು ಬಿತ್ತು. ರೇವಣಪ್ಪನ ಕಣ್ಣು ತುಂಬಿ ಬಂದವು. ಇನ್ನು ಫ್ಲಾಪಿ ಹಾಕಿ ಸೇವ್ ಮಾಡಿದರೆ ಆಯಿತು.

ಫ್ಲಾಪಿ ಹಾಕುವ ಸಂದು ಡಬ್ಬಿಯಲ್ಲಿತ್ತು. ಪರದೆ ಸರಿಸಿ ಒಳಗೆ ಹೋಗಿ ಹಾಕಿದ. ದೀಪ ಇನ್ನೂ ಉರಿಯುತ್ತಿತ್ತು. ಇಷ್ಟು ನಡೆಸಿಕೊಟ್ಟ ದೇವರ ಮುಂದಿನಿಂದ ಹಾಗೇ ತಿರುಗಿ ಹೋಗಲು ಮನಸ್ಸಾಗಲಿಲ್ಲ. ಅವ್ವನ ಮಾತು ನೆನಪಾಯಿತು. ಕೈ ಮುಗಿದ. ಕಣ್ಣು ಮುಚ್ಚಿದ. ಲಿಂಗ ಮುಟ್ಟಿ ನಮಸ್ಕರಿಸುವ ರೂಢಿಯಲ್ಲಿ ಹೆಬ್ಬೆರಳು ತಾನಾಗಿಯೇ ಹಸಿರು ಬೆಳಕಿನ ಗುಂಡಿಯ ಮೇಲೆ ಹೋಯಿತು. ಒತ್ತಿ ಹಿಡಿದು, ಭಕ್ತಿಯಿಂದ, ಐದು ಸಲ ನಮಃ ಶಿವಾಯ ಎಂದ.

ಟಪ್.

ಕಣ್ಣು ಬಿಟ್ಟ. ಹಸಿರು ಆರಿತ್ತು. ಗುಂಡಿಯ ಮೇಲೆ ಅವ್ವನ ಹೆಬ್ಬೆರಳಿನ ವಿಭೂತಿ, ನಾಗಣ್ಣನ ತಂಬಾಕಿನ ಸುಣ್ಣ, ಶಿವಗಂಗಾಬಾಯಿಯ ಉಪ್ಪಿನ ಹರಳು. ಎಲ್ಲದರ ಮೇಲೆ, ಈಗಷ್ಟೇ ಒತ್ತಿದ್ದು, ತನ್ನದು.

ಬಾಗಿಲು ಬಡಿದ ಸಪ್ಪಳ. "ರೇವಣ್ಯಾ, ಕಾಶೆಪ್ಪ ಬಂದಾನ. ಕೈ ಮುಗದೇನೋ?"

"ಮುಗದೆ, ಅವ್ವಾ."

"ಮತ್ತ ಕೆಲಸ?"

"ಅದೂ ಮುಗೀತು."

"ನಾ ಹೇಳಿದ್ದಿಲ್ಲೇನು" ಎಂದು ಹೊರಗೆ ತುಳಜಾಬಾಯಿ ಓಣಿಗೆಲ್ಲ ಸಕ್ಕರೆ ಹಂಚತೊಡಗಿದಳು. ರೇವಣಪ್ಪ ಅಗಳಿ ತೆಗೆದಾಗ ಕಾಶೆಪ್ಪ ನಗುತ್ತ ನಿಂತಿದ್ದ. ಒಂದು ಕೈಯಲ್ಲಿ ಸಕ್ಕರೆ. ಇನ್ನೊಂದು ಕೈಯನ್ನು ಫ್ಲಾಪಿಗೆ ಚಾಚಿದ್ದ.